ಪ್ರಮುಖ ಮೂಲಸೌಕರ್ಯಗಳಿಗೆ ಸಾಮಗ್ರಿ ಪೂರೈಕೆ: ದೇಶೀಯ ಉತ್ಪಾದನೆಗೆ ಖರೀದಿ ಆದ್ಯತೆ – ತಯಾರಕರಿಗೆ ಹಾಗೂ ಅರ್ಜಿದಾರರಿಗೆ ಮಾಹಿತಿ

1. ಪೀಠಿಕೆ

ವಿದ್ಯುತ್ ಉಪಕೇಂದ್ರ, ದೂರಸಂಪರ್ಕ ಜಾಲ, ರೈಲ್ವೆ ಸಂಕೇತ ವ್ಯವಸ್ಥೆ, ಕುಡಿಯುವ ನೀರಿನ ಪಂಪುಗೃಹ, ಬ್ಯಾಂಕುಗಳ ಗಣಕ ಜಾಲ ಇವುಗಳಲ್ಲಿ ಯಾವುದೊಂದು ಸ್ಥಗಿತಗೊಂಡರೂ ಜನಜೀವನ ಅಸ್ತವ್ಯಸ್ತವಾಗುತ್ತದೆ. ಇಂತಹ ವ್ಯವಸ್ಥೆಗಳಿಗೆ ಬೇಕಾಗುವ ಸಾಮಗ್ರಿ ಎಲ್ಲಿ ತಯಾರಾಗಿದೆ, ಕೆಟ್ಟಾಗ ಅದರ ಬಿಡಿಭಾಗ ಸಕಾಲದಲ್ಲಿ ದೊರೆಯುವುದೇ, ಅದರೊಳಗೆ ಅಡಗಿರುವ ತಂತ್ರಾಂಶ ನಂಬಲರ್ಹವೇ ಎಂಬ ಪ್ರಶ್ನೆಗಳು ಕೇವಲ ವ್ಯಾಪಾರದ ಪ್ರಶ್ನೆಗಳಲ್ಲ. ಆದಕಾರಣ ಕೇಂದ್ರ ಸರ್ಕಾರವು ತನ್ನ ಖರೀದಿಗಳಲ್ಲಿ ದೇಶೀಯವಾಗಿ ಉತ್ಪಾದಿಸಿದ ಸಾಮಗ್ರಿಗೆ ಆದ್ಯತೆ ನೀಡಲು 2017ರಿಂದ ಒಂದು ನಿರ್ದಿಷ್ಟ ಆದೇಶವನ್ನು ಜಾರಿಗೆ ತಂದಿದೆ.

ಸದರಿ ಆದೇಶದ ಮುಖ್ಯಾಂಶಗಳು, ಅದರಡಿ ದೊರೆಯುವ ಸೌಲಭ್ಯ, ಸಲ್ಲಿಸಬೇಕಾದ ದೃಢೀಕರಣ ಮತ್ತು ತಪ್ಪಾದಲ್ಲಿ ಒದಗುವ ಪರಿಣಾಮಗಳನ್ನು ಸಣ್ಣ ಹಾಗೂ ಮಧ್ಯಮ ತಯಾರಕರಿಗೆ ಸರಳವಾಗಿ ತಿಳಿಸುವುದು ಈ ಪುಟದ ಉದ್ದೇಶವಾಗಿರುತ್ತದೆ. ಓದುಗರು ಮೊದಲಿಗೆ ಗಮನದಲ್ಲಿಡಬೇಕಾದ ಅಂಶವೊಂದಿದೆ. ಆದ್ಯತೆ ದೊರೆಯುವುದು ಕಾರ್ಖಾನೆಯ ವಿಳಾಸಕ್ಕಲ್ಲ, ಸರಕಿನ ಮೇಲೆ ಮುದ್ರಿಸಿದ ಹೆಸರಿಗೂ ಅಲ್ಲ. ದೇಶದೊಳಗೆ ವಾಸ್ತವವಾಗಿ ಸೇರಿಸಲಾದ ಮೌಲ್ಯಕ್ಕೆ. ಆ ಮೌಲ್ಯವನ್ನು ಲೆಕ್ಕ ಹಾಕಿ ಸಹಿ ಮಾಡುವ ಹೊಣೆ ತಯಾರಕರದ್ದೇ ಆಗಿರುತ್ತದೆ.

2. ಆದೇಶದ ಹಿನ್ನೆಲೆ ಮತ್ತು ಕಾನೂನು ಆಧಾರ

2.1 ಸಾರ್ವಜನಿಕ ಸಂಗ್ರಹಣೆ (ಮೇಕ್ ಇನ್ ಇಂಡಿಯಾಕ್ಕೆ ಆದ್ಯತೆ) ಆದೇಶ, 2017 ಇದನ್ನು ದಿನಾಂಕ 15.06.2017ರಂದು ಕೇಂದ್ರದ ಅಂದಿನ ಕೈಗಾರಿಕಾ ನೀತಿ ಮತ್ತು ಉತ್ತೇಜನ ಇಲಾಖೆಯು ಹೊರಡಿಸಿತು. ಸದರಿ ಇಲಾಖೆಯು 2019ರಿಂದ ಕೈಗಾರಿಕೆ ಮತ್ತು ಆಂತರಿಕ ವ್ಯಾಪಾರ ಉತ್ತೇಜನ ಇಲಾಖೆ ಎಂಬ ಹೆಸರು ಹೊಂದಿದೆ. ಆದೇಶವು 2018, 2019 ಹಾಗೂ 2020ರಲ್ಲಿ ಪರಿಷ್ಕೃತಗೊಂಡಿತು. ದಿನಾಂಕ 04.06.2020 ಮತ್ತು 16.09.2020ರ ಪರಿಷ್ಕರಣೆಗಳಲ್ಲಿ ಈಗ ಪ್ರಚಲಿತದಲ್ಲಿರುವ ವರ್ಗೀಕರಣ ರೂಪುಗೊಂಡಿತು. ದಿನಾಂಕ 19.07.2024ರಂದು ಲೆಕ್ಕಾಚಾರದ ಅಂಶಗಳನ್ನು ಇನ್ನಷ್ಟು ಬಿಗಿಗೊಳಿಸಲಾಯಿತು.

2.2 ಇದು ಸಂಸತ್ತು ಅಂಗೀಕರಿಸಿದ ಪ್ರತ್ಯೇಕ ಅಧಿನಿಯಮವಲ್ಲ. ಸಾಮಾನ್ಯ ಹಣಕಾಸು ನಿಯಮಗಳು, 2017ರ 153ನೇ ನಿಯಮದ 3ನೇ ಉಪನಿಯಮದ ಮೇರೆಗೆ ಹೊರಡಿಸಲಾದ ಕಾರ್ಯನಿರ್ವಾಹಕ ಆದೇಶ. ಆದಾಗ್ಯೂ ಖರೀದಿ ಸಂಸ್ಥೆಗಳು ಇದನ್ನು ಪಾಲಿಸತಕ್ಕದ್ದು. ಟೆಂಡರಿನಲ್ಲಿ ಭಾಗವಹಿಸುವವರು ಇದರ ಷರತ್ತುಗಳಿಗೆ ಬದ್ಧರು.

2.3 ಇಂತಹ ಆದ್ಯತೆ ನಮ್ಮ ದೇಶಕ್ಕೆ ಮಾತ್ರ ಸೀಮಿತವಾದುದಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ 1933ರಲ್ಲಿಯೇ ಸರ್ಕಾರಿ ಖರೀದಿಯಲ್ಲಿ ಸ್ವದೇಶಿ ಸರಕಿಗೆ ಮೊದಲ ಸ್ಥಾನ ನೀಡುವ ಕಾಯಿದೆ ಬಂದಿತು. 2021ರ ನವೆಂಬರ್‌ನಲ್ಲಿ ಅಲ್ಲಿನ ಮೂಲಸೌಕರ್ಯ ಕಾಯಿದೆಯ ಭಾಗವಾಗಿ, ಕೇಂದ್ರದ ನೆರವು ಪಡೆಯುವ ಕಾಮಗಾರಿಗಳಲ್ಲಿ ಬಳಸುವ ಕಬ್ಬಿಣ, ಉಕ್ಕು, ತಯಾರಿತ ವಸ್ತು ಹಾಗೂ ನಿರ್ಮಾಣ ಸಾಮಗ್ರಿಗಳಿಗೂ ಈ ತತ್ತ್ವವನ್ನು ವಿಸ್ತರಿಸಲಾಯಿತು.

2.4 ಅಂತರರಾಷ್ಟ್ರೀಯ ವ್ಯಾಪಾರ ನಿಯಮಗಳ ಪ್ರಕಾರ ಸರ್ಕಾರವು ತನ್ನ ಸ್ವಂತ ಉಪಯೋಗಕ್ಕಾಗಿ, ಮರುಮಾರಾಟದ ಉದ್ದೇಶವಿಲ್ಲದೆ, ಖರೀದಿಸುವ ಸರಕಿಗೆ ಮಾತ್ರ ಇಂತಹ ಆದ್ಯತೆಗೆ ವಿನಾಯಿತಿಯಿದೆ. ರಾಷ್ಟ್ರೀಯ ಸೌರಶಕ್ತಿ ಅಭಿಯಾನದಲ್ಲಿ ದೇಶೀಯ ಸೌರಕೋಶಗಳ ಬಳಕೆಯನ್ನು ಕಡ್ಡಾಯಗೊಳಿಸಿದ್ದ ಷರತ್ತಿನ ವಿರುದ್ಧ ವಿಶ್ವ ವ್ಯಾಪಾರ ಸಂಘಟನೆಯಲ್ಲಿ ಹೂಡಲಾಗಿದ್ದ ದೂರಿನಲ್ಲಿ 2016ರಲ್ಲಿ ಭಾರತದ ವಿರುದ್ಧ ತೀರ್ಪು ಬಂದಿತು. ಸರ್ಕಾರ ಖರೀದಿಸುತ್ತಿದ್ದುದು ವಿದ್ಯುತ್ತನ್ನೇ ಹೊರತು ಸೌರಕೋಶಗಳನ್ನಲ್ಲ ಎಂಬುದು ಅದಕ್ಕೆ ಕಾರಣವಾಯಿತು. ಆದ್ದರಿಂದ 2017ರ ಆದೇಶವು ಸರ್ಕಾರಿ ಖರೀದಿಗೆ ಸಂಬಂಧಿಸಿದೆ ಎಂಬುದನ್ನೂ, ಖಾಸಗಿ ಗ್ರಾಹಕರಿಗೆ ಮಾಡುವ ಮಾರಾಟಕ್ಕೆ ಅನ್ವಯಿಸುವುದಿಲ್ಲ ಎಂಬುದನ್ನೂ ತಯಾರಕರು ತಿಳಿದಿರತಕ್ಕದ್ದು.

3. ಆದೇಶ ಯಾರಿಗೆ ಅನ್ವಯ

3.1 ಕೇಂದ್ರದ ಸಚಿವಾಲಯಗಳು, ಇಲಾಖೆಗಳು, ಅವುಗಳ ಅಧೀನ ಕಚೇರಿಗಳು, ಕೇಂದ್ರದ ನಿಯಂತ್ರಣದಲ್ಲಿರುವ ಸ್ವಾಯತ್ತ ಸಂಸ್ಥೆಗಳು ಹಾಗೂ ಸರ್ಕಾರಿ ಕಂಪನಿಗಳ ಖರೀದಿಗಳಿಗೆ ಸದರಿ ಆದೇಶ ಅನ್ವಯವಾಗುತ್ತದೆ. ಸರಕು, ಸೇವೆ ಹಾಗೂ ಕಾಮಗಾರಿ ಮೂರೂ ಇದರ ವ್ಯಾಪ್ತಿಗೆ ಬರುತ್ತವೆ.

3.2 ಕೇಂದ್ರದ ಪೂರ್ಣ ಅಥವಾ ಭಾಗಶಃ ಅನುದಾನದ ಯೋಜನೆಗಳಲ್ಲಿ ರಾಜ್ಯ ಸರ್ಕಾರ ಹಾಗೂ ಸ್ಥಳೀಯ ಸಂಸ್ಥೆಗಳು ಮಾಡುವ ಖರೀದಿಯೂ ಆದೇಶದ ವ್ಯಾಪ್ತಿಗೆ ಒಳಪಡುತ್ತದೆ.

3.3 ಕರ್ನಾಟಕ ರಾಜ್ಯವು ತನ್ನ ಸ್ವಂತ ಸಂಪನ್ಮೂಲದಿಂದ ಮಾಡುವ ಖರೀದಿಗಳು ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999 ಮತ್ತು ಅದರ ನಿಯಮಗಳಿಗೆ ಒಳಪಟ್ಟಿರುತ್ತವೆ. ಅಂತಹ ಟೆಂಡರುಗಳಲ್ಲಿ ಟೆಂಡರ್ ದಾಖಲೆಯಲ್ಲಿ ನಮೂದಿಸಿರುವ ಷರತ್ತುಗಳನ್ನೇ ಓದಿಕೊಳ್ಳತಕ್ಕದ್ದು.

3.4 ಅಂದಾಜು ಮೌಲ್ಯ ರೂ. 5 ಲಕ್ಷಕ್ಕಿಂತ ಕಡಿಮೆಯಿರುವ ಖರೀದಿಗಳಿಗೆ ಆದೇಶದಿಂದ ವಿನಾಯಿತಿಯಿದೆ. ಆದರೆ ಆದೇಶವನ್ನು ತಪ್ಪಿಸುವ ಸಲುವಾಗಿ ಖರೀದಿಯನ್ನು ತುಂಡು ತುಂಡಾಗಿ ವಿಭಜಿಸುವಂತಿಲ್ಲ.

4. ಪೂರೈಕೆದಾರರ ವರ್ಗೀಕರಣ

(ಅ) ವರ್ಗ-1 ಸ್ಥಳೀಯ ಪೂರೈಕೆದಾರ: ಸ್ಥಳೀಯ ಅಂಶ ಶೇ. 50 ಅಥವಾ ಅದಕ್ಕಿಂತ ಹೆಚ್ಚು. ಖರೀದಿ ಆದ್ಯತೆ ದೊರೆಯುವುದು ಈ ವರ್ಗಕ್ಕೆ ಮಾತ್ರ.

(ಆ) ವರ್ಗ-2 ಸ್ಥಳೀಯ ಪೂರೈಕೆದಾರ: ಸ್ಥಳೀಯ ಅಂಶ ಕನಿಷ್ಠ ಶೇ. 20, ಆದರೆ ಶೇ. 50ಕ್ಕಿಂತ ಕಡಿಮೆ. ಟೆಂಡರಿನಲ್ಲಿ ಭಾಗವಹಿಸಲು ಅವಕಾಶವಿದೆ, ಆದ್ಯತೆ ಇರುವುದಿಲ್ಲ.

(ಇ) ಸ್ಥಳೀಯೇತರ ಪೂರೈಕೆದಾರ: ಸ್ಥಳೀಯ ಅಂಶ ಶೇ. 20ನ್ನೂ ಮುಟ್ಟದವರು. ಜಾಗತಿಕ ಟೆಂಡರ್ ಕರೆದಾಗ ಮಾತ್ರ ಭಾಗವಹಿಸಬಹುದು.

ಆಯಾ ಸರಕಿಗೆ ಸಂಬಂಧಿಸಿದ ನೋಡಲ್ ಸಚಿವಾಲಯವು ಇದಕ್ಕಿಂತ ಹೆಚ್ಚಿನ ಪ್ರಮಾಣವನ್ನು ನಿಗದಿಪಡಿಸಬಹುದಾಗಿದೆ. ಯಾವುದೇ ಸರಕಿನಲ್ಲಿ ಸಾಕಷ್ಟು ದೇಶೀಯ ಸಾಮರ್ಥ್ಯ ಹಾಗೂ ಪೈಪೋಟಿ ಇದೆಯೆಂದು ನೋಡಲ್ ಸಚಿವಾಲಯ ತಿಳಿಸಿದ್ದಲ್ಲಿ, ಖರೀದಿಯ ಮೊತ್ತ ಎಷ್ಟೇ ಇದ್ದರೂ ವರ್ಗ-1ರವರು ಮಾತ್ರ ಟೆಂಡರಿಗೆ ಅರ್ಹರಾಗುತ್ತಾರೆ. ಅಲ್ಲದೆ 2020ರ ಮೇ ತಿಂಗಳಿನ ತಿದ್ದುಪಡಿಯಿಂದ, ರೂ. 200 ಕೋಟಿವರೆಗಿನ ಖರೀದಿಗಳಿಗೆ ಸಕ್ಷಮ ಪ್ರಾಧಿಕಾರದ ವಿಶೇಷ ಅನುಮೋದನೆ ಇಲ್ಲದೆ ಜಾಗತಿಕ ಟೆಂಡರ್ ಕರೆಯದಂತೆ ನಿರ್ಬಂಧಿಸಲಾಯಿತು.

5. ಆದ್ಯತೆ ದೊರೆಯುವ ಕ್ರಮ

5.1 ಅತಿ ಕಡಿಮೆ ದರ ನಮೂದಿಸಿದವರು ವರ್ಗ-1ರವರೇ ಆಗಿದ್ದಲ್ಲಿ ಗುತ್ತಿಗೆ ಅವರಿಗೇ ಸಲ್ಲುತ್ತದೆ.

5.2 ಅತಿ ಕಡಿಮೆ ದರ ಬೇರೆ ವರ್ಗದವರದ್ದಾಗಿದ್ದು, ಸರಕನ್ನು ಹಂಚಿ ಖರೀದಿಸಲು ಸಾಧ್ಯವಿದ್ದಲ್ಲಿ, ಒಟ್ಟು ಪ್ರಮಾಣದ ಶೇ. 50 ಭಾಗ ಅವರಿಗೆ ಹೋಗುತ್ತದೆ. ಉಳಿದ ಶೇ. 50 ಭಾಗಕ್ಕೆ ವರ್ಗ-1ರವರ ಪೈಕಿ ಅತಿ ಕಡಿಮೆ ದರ ನಮೂದಿಸಿದವರನ್ನು ಕರೆದು, ಸದರಿ ಕನಿಷ್ಠ ದರಕ್ಕೆ ಒಪ್ಪುವಿರಾ ಎಂದು ಕೇಳಲಾಗುತ್ತದೆ. ಅವರು ಒಪ್ಪದಿದ್ದಲ್ಲಿ ಮುಂದಿನವರನ್ನು ಕರೆಯಲಾಗುತ್ತದೆ. ಯಾರೂ ಒಪ್ಪದೆ ಉಳಿದ ಪ್ರಮಾಣವು ಕನಿಷ್ಠ ದರದವರಿಗೇ ಸೇರುತ್ತದೆ.

5.3 ಹಂಚಲು ಸಾಧ್ಯವಿಲ್ಲದ ಸರಕಾಗಿದ್ದಲ್ಲಿ, ವರ್ಗ-1ರವರು ಕನಿಷ್ಠ ದರಕ್ಕೆ ಒಪ್ಪಿದರೆ ಸಂಪೂರ್ಣ ಗುತ್ತಿಗೆ ಅವರಿಗೇ ದೊರೆಯುತ್ತದೆ.

5.4 ಹೀಗೆ ಕರೆಯಬೇಕಾದರೆ ವರ್ಗ-1ರವರ ದರವು ಕನಿಷ್ಠ ದರಕ್ಕಿಂತ ಶೇ. 20ಕ್ಕಿಂತ ಹೆಚ್ಚಿರಬಾರದು. ಇದನ್ನು ಆದ್ಯತಾ ಅಂತರ ಎನ್ನುತ್ತಾರೆ. ಸರ್ಕಾರ ಹೆಚ್ಚಿನ ಬೆಲೆ ಕೊಡುತ್ತದೆ ಎಂದು ಇದರ ಅರ್ಥವಲ್ಲ. ಕನಿಷ್ಠ ದರಕ್ಕೆ ಇಳಿಯಲು ಒಂದು ಅವಕಾಶ ಕೊಡುತ್ತದೆ ಎಂದು ಮಾತ್ರ ಅರ್ಥ.

6. ಸ್ಥಳೀಯ ಅಂಶದ ಲೆಕ್ಕಾಚಾರ

6.1 ಸೂತ್ರ: ಖರೀದಿಸಿದ ಸರಕಿನ ಒಟ್ಟು ಮೌಲ್ಯದಿಂದ (ದೇಶೀಯ ಪರೋಕ್ಷ ತೆರಿಗೆಗಳನ್ನು ಹೊರತುಪಡಿಸಿ) ಆಮದು ಅಂಶದ ಮೌಲ್ಯವನ್ನು (ಎಲ್ಲ ಸೀಮಾಸುಂಕಗಳನ್ನು ಸೇರಿಸಿ) ಕಳೆದು ಬರುವ ಮೊತ್ತವು ಒಟ್ಟು ಮೌಲ್ಯದ ಶೇಕಡಾ ಎಷ್ಟು ಎಂಬುದೇ ಸ್ಥಳೀಯ ಅಂಶ. ನೋಡಲ್ ಸಚಿವಾಲಯವು ಬೇರೆ ಸೂತ್ರ ಸೂಚಿಸಿದ್ದಲ್ಲಿ ಅದೇ ಅನ್ವಯವಾಗುತ್ತದೆ.

6.2 ಉದಾಹರಣೆ (ಲೆಕ್ಕ ತಿಳಿಯುವುದಕ್ಕಾಗಿ ಮಾತ್ರ): ಒಂದು ಸಣ್ಣ ಘಟಕವು ವಿದ್ಯುತ್ ಉಪಕೇಂದ್ರಕ್ಕೆ ಬೇಕಾದ ಕಂಟ್ರೋಲ್ ಪ್ಯಾನೆಲ್ ತಯಾರಿಸುತ್ತದೆ ಎಂದಿಟ್ಟುಕೊಳ್ಳೋಣ. ಜಿಎಸ್‌ಟಿ ಹೊರತುಪಡಿಸಿ ಅದರ ದರ ರೂ. 10,00,000. ವೆಚ್ಚದ ವಿವರ ಈ ಕೆಳಕಂಡಂತಿದೆ:

ನೇರವಾಗಿ ಆಮದು ಮಾಡಿಕೊಂಡ ರಿಲೇಗಳು: ರೂ. 2,60,000
ಅವುಗಳ ಮೇಲೆ ತೆತ್ತ ಸೀಮಾಸುಂಕ: ರೂ. 40,000
ಸ್ಥಳೀಯ ಡೀಲರ್‌ನಿಂದ ಕೊಂಡ, ವಿದೇಶದಲ್ಲಿ ತಯಾರಾದ ಮೀಟರು ಮತ್ತು ಸ್ವಿಚ್ಚುಗಳು: ರೂ. 2,40,000
ಇಲ್ಲಿಯೇ ತಯಾರಾದ ಉಕ್ಕಿನ ಕವಚ, ಬಸ್‌ಬಾರ್, ವೈರು, ಕೂಲಿ, ಮೇಲ್ವೆಚ್ಚ ಮತ್ತು ಲಾಭ: ರೂ. 4,60,000

ಘಟಕದವರು ರಿಲೇಗಳ ಬೆಲೆಯನ್ನು ಮಾತ್ರ ಕಳೆದರೆ ಸ್ಥಳೀಯ ಅಂಶ ಶೇ. 74 ಎಂದು ತೋರುತ್ತದೆ. ಸುಂಕವನ್ನೂ ಸೇರಿಸಿ ಕಳೆದರೆ ಶೇ. 70 ಆಗುತ್ತದೆ. ಆದರೆ ಡೀಲರ್‌ನಿಂದ ಕೊಂಡ ಮೀಟರು, ಸ್ವಿಚ್ಚುಗಳೂ ವಿದೇಶದಲ್ಲಿ ತಯಾರಾದವುಗಳೇ. ಬಿಲ್ಲು ಬೆಂಗಳೂರಿನದ್ದಾದ ಮಾತ್ರಕ್ಕೆ ಅವು ಸ್ವದೇಶಿ ಆಗುವುದಿಲ್ಲ. ಮರುಮಾರಾಟಗಾರರಿಂದ ದೇಶದೊಳಗೆ ಕೊಂಡ ಆಮದು ಸರಕನ್ನು ಸ್ಥಳೀಯ ಅಂಶವೆಂದು ತೋರಿಸುವಂತಿಲ್ಲ ಎಂಬುದನ್ನು 2024ರ ಪರಿಷ್ಕರಣೆ ಸ್ಪಷ್ಟಪಡಿಸಿದೆ. ಹೀಗಾಗಿ ಒಟ್ಟು ಆಮದು ಅಂಶ ರೂ. 5,40,000, ಸರಿಯಾದ ಸ್ಥಳೀಯ ಅಂಶ ಶೇ. 46. ಈ ಘಟಕವು ವರ್ಗ-2ಕ್ಕೆ ಸೇರುತ್ತದೆ.

6.3 ಇದರ ಪರಿಣಾಮ: ಸದರಿ ಟೆಂಡರಿನಲ್ಲಿ ಕನಿಷ್ಠ ದರ ರೂ. 9,00,000 ಇದ್ದು, ಅದು ವರ್ಗ-2ರ ಇನ್ನೊಬ್ಬರದ್ದು ಎಂದು ಭಾವಿಸೋಣ. ಶೇ. 20ರ ಅಂತರ ಸೇರಿಸಿದರೆ ಮಿತಿ ರೂ. 10,80,000. ಘಟಕದ ದರ ಮಿತಿಯೊಳಗೇ ಇದೆ. ಆದರೆ ಸ್ಥಳೀಯ ಅಂಶ ಶೇ. 46 ಮಾತ್ರ ಇರುವುದರಿಂದ ಕರೆ ಬರುವುದಿಲ್ಲ. ಶೇ. 70 ಎಂದು ಬರೆದುಕೊಟ್ಟರೆ ಕರೆ ಬರುತ್ತದೆ; ಪರಿಶೀಲನೆಯ ದಿನ ಡೀಲರ್ ಬಿಲ್ಲುಗಳು ಹೊರಬಂದಾಗ ಕೈಗೆ ಬಂದ ಗುತ್ತಿಗೆಯ ಜೊತೆಗೆ ಮುಂದಿನ ಗುತ್ತಿಗೆಗಳೂ ಕೈತಪ್ಪುತ್ತವೆ.

6.4 ಸರಿಯಾದ ದಾರಿ: ಘಟಕವು ರೂ. 70,000 ಮೌಲ್ಯದ ವಿದೇಶಿ ಮೀಟರುಗಳ ಬದಲಿಗೆ ಅದೇ ಬೆಲೆಯ, ಪೂರ್ಣವಾಗಿ ಇಲ್ಲಿಯೇ ತಯಾರಾದ ಮೀಟರುಗಳನ್ನು ಬಳಸಿದರೆ ಆಮದು ಅಂಶ ರೂ. 4,70,000ಕ್ಕೆ ಇಳಿದು, ಸ್ಥಳೀಯ ಅಂಶ ಶೇ. 53 ಆಗುತ್ತದೆ. ವರ್ಗ-1ರ ಅರ್ಹತೆ ದೊರೆಯುತ್ತದೆ. ಆದರೆ ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕರೆ ಬಂದು ದರವನ್ನು ರೂ. 9,00,000ಕ್ಕೆ ಇಳಿಸಿದಾಗ ಒಟ್ಟು ಮೌಲ್ಯ ಕಡಿಮೆಯಾಗುತ್ತದೆ. ಆಮದು ಅಂಶ ಇದ್ದಷ್ಟೇ ಇರುತ್ತದೆ. ಆಗ ಸ್ಥಳೀಯ ಅಂಶ ಸುಮಾರು ಶೇ. 47.8ಕ್ಕೆ ಕುಸಿಯುತ್ತದೆ. ಆದ್ದರಿಂದ ತಾವು ನಮೂದಿಸುವ ದರಕ್ಕೆ ಮಾತ್ರವಲ್ಲದೆ, ತಾವು ಇಳಿಯಬಹುದಾದ ಕನಿಷ್ಠ ದರಕ್ಕೂ ಲೆಕ್ಕ ಹಾಕಿ ನೋಡುವುದು ಕ್ಷೇಮ. ಇದೇ ಉದಾಹರಣೆಯಲ್ಲಿ ರೂ. 1,00,000 ಮೌಲ್ಯದ ವಿದೇಶಿ ಭಾಗಗಳನ್ನು ಬದಲಿಸಿದ್ದರೆ ಆಮದು ಅಂಶ ರೂ. 4,40,000 ಆಗಿ, ಇಳಿಸಿದ ದರದಲ್ಲಿಯೂ ಸ್ಥಳೀಯ ಅಂಶ ಶೇ. 51.1 ಉಳಿಯುತ್ತಿತ್ತು.

6.5 ಸಾಗಣೆ, ವಿಮೆ, ಅಳವಡಿಕೆ, ಚಾಲನೆಗೊಳಿಸುವಿಕೆ, ತರಬೇತಿ, ವಾರ್ಷಿಕ ನಿರ್ವಹಣೆಯಂತಹ ಮಾರಾಟಾನಂತರದ ಸೇವೆಗಳ ಮೊತ್ತವನ್ನು ಸರಕಿನ ಸ್ಥಳೀಯ ಮೌಲ್ಯವರ್ಧನೆಯೆಂದು ತೋರಿಸುವಂತಿಲ್ಲ. ಈ ಬಗ್ಗೆ 2021ರ ಮಾರ್ಚ್‌ನಲ್ಲಿಯೇ ಸ್ಪಷ್ಟೀಕರಣ ನೀಡಲಾಗಿದೆ. ವಿದೇಶದಲ್ಲಿ ತಯಾರಾದ ಸರಕನ್ನು ಇಲ್ಲಿ ಹೊಸ ಪೆಟ್ಟಿಗೆಗೆ ಹಾಕಿ, ಹೊಸ ಹೆಸರು ಅಂಟಿಸಿ ಮಾರುವುದೂ ಉತ್ಪಾದನೆ ಎನಿಸುವುದಿಲ್ಲ.

7. ದೃಢೀಕರಣ ಸಲ್ಲಿಸುವ ವಿಧಾನ

7.1 ಟೆಂಡರ್ ಸಲ್ಲಿಸುವ ಸಮಯದಲ್ಲಿ ಸ್ಥಳೀಯ ಅಂಶದ ಶೇಕಡಾ ಪ್ರಮಾಣವನ್ನು ನಮೂದಿಸಿ, ಸರಕು ನಿಗದಿತ ಅರ್ಹತೆ ಹೊಂದಿದೆಯೆಂದು ಸ್ವಯಂ ದೃಢೀಕರಣ ನೀಡತಕ್ಕದ್ದು. ಮೌಲ್ಯವರ್ಧನೆ ನಡೆಯುವ ಸ್ಥಳ ಅಥವಾ ಸ್ಥಳಗಳ ವಿವರವನ್ನೂ ನಮೂದಿಸತಕ್ಕದ್ದು.

7.2 ಖರೀದಿಯ ಮೌಲ್ಯ ರೂ. 10 ಕೋಟಿ ಮೀರಿದಲ್ಲಿ ಕಂಪನಿಗಳು ಶಾಸನಬದ್ಧ ಲೆಕ್ಕಪರಿಶೋಧಕರ ಅಥವಾ ವೆಚ್ಚ ಲೆಕ್ಕಪರಿಶೋಧಕರ ಪ್ರಮಾಣಪತ್ರ ಸಲ್ಲಿಸತಕ್ಕದ್ದು. ಕಂಪನಿಯಲ್ಲದ ಪೂರೈಕೆದಾರರು ವೃತ್ತಿನಿರತ ವೆಚ್ಚ ಲೆಕ್ಕಿಗರಿಂದ ಅಥವಾ ಚಾರ್ಟರ್ಡ್ ಅಕೌಂಟೆಂಟ್ ಅವರಿಂದ ಪ್ರಮಾಣಪತ್ರ ಪಡೆಯಬಹುದು.

7.3 ಸಿದ್ಧಪಡಿಸಿಕೊಳ್ಳಬೇಕಾದ ದಾಖಲೆಗಳು:
(ಅ) ಸರಕಿನಲ್ಲಿ ಬಳಸಿದ ಎಲ್ಲ ಭಾಗಗಳ ಪಟ್ಟಿ, ಪ್ರತಿಯೊಂದರ ಬೆಲೆ ಮತ್ತು ತಯಾರಾದ ದೇಶದ ಹೆಸರಿನೊಂದಿಗೆ.
(ಆ) ನೇರ ಆಮದಿಗೆ ಸಂಬಂಧಿಸಿದ ಆಮದು ಬಿಲ್ಲು ಹಾಗೂ ಸುಂಕ ಪಾವತಿಯ ರಸೀತಿ.
(ಇ) ದೇಶದೊಳಗೆ ಕೊಂಡ ಪ್ರತಿ ಭಾಗಕ್ಕೆ ಅದರ ತಯಾರಕರು ಲಿಖಿತವಾಗಿ ನೀಡಿದ ಸ್ಥಳೀಯ ಅಂಶದ ಘೋಷಣೆ.
(ಈ) ಕಾರ್ಖಾನೆಯ ಪರವಾನಗಿ, ಉದ್ಯಮ್ ನೋಂದಣಿ ಪತ್ರ ಹಾಗೂ ಜಿಎಸ್‌ಟಿ ನೋಂದಣಿಯ ಪ್ರತಿ.
(ಉ) ಶೇಕಡಾ ಪ್ರಮಾಣವನ್ನು ಹೇಗೆ ಲೆಕ್ಕ ಹಾಕಲಾಯಿತು ಎಂಬ ಒಂದು ಪುಟದ ತಃಖ್ತೆ, ಸಹಿ ಮತ್ತು ದಿನಾಂಕದೊಂದಿಗೆ.

ಇವೆಲ್ಲವನ್ನೂ ಟೆಂಡರಿನೊಂದಿಗೆ ಕೇಳದೇ ಇರಬಹುದು. ಆದರೆ ಒಂದೆರಡು ವರ್ಷಗಳ ನಂತರ ದೂರು ಬಂದಾಗ ಘಟಕದ ಪರವಾಗಿ ಮಾತನಾಡುವುದು ಈ ಕಡತವೇ ಆಗಿರುತ್ತದೆ.

8. ಸುಳ್ಳು ಘೋಷಣೆಯ ಪರಿಣಾಮ

8.1 ಸುಳ್ಳು ಘೋಷಣೆಯು ಸಾಮಾನ್ಯ ಹಣಕಾಸು ನಿಯಮಗಳ 175ನೇ ನಿಯಮದಲ್ಲಿನ ಪ್ರಾಮಾಣಿಕತೆಯ ಸಂಹಿತೆಯ ಉಲ್ಲಂಘನೆಯಾಗುತ್ತದೆ. ಇದಕ್ಕಾಗಿ 151ನೇ ನಿಯಮದಡಿ ಪೂರೈಕೆದಾರರನ್ನು ಗರಿಷ್ಠ 2 ವರ್ಷಗಳವರೆಗೆ ಖರೀದಿ ಪ್ರಕ್ರಿಯೆಯಿಂದ ಹೊರಗಿಡಬಹುದು. ಕಾನೂನಿನಲ್ಲಿ ಅವಕಾಶವಿರುವ ಇತರೆ ಕ್ರಮಗಳನ್ನೂ ಕೈಗೊಳ್ಳಬಹುದು.

8.2 ಒಂದು ಖರೀದಿ ಸಂಸ್ಥೆಯು ಹೀಗೆ ಹೊರಗಿಟ್ಟ ಪೂರೈಕೆದಾರರಿಗೆ ಆ ಅವಧಿಯಲ್ಲಿ ಬೇರೆ ಯಾವುದೇ ಖರೀದಿ ಸಂಸ್ಥೆಯಲ್ಲಿಯೂ ಈ ಆದೇಶದಡಿ ಆದ್ಯತೆ ದೊರೆಯುವುದಿಲ್ಲ. ಹತ್ತಾರು ಕೆಲಸಗಾರರಿರುವ, ಸರ್ಕಾರಿ ಬೇಡಿಕೆಯನ್ನೇ ನಂಬಿರುವ ಘಟಕಕ್ಕೆ ಎರಡು ವರ್ಷ ಎಂದರೆ ಬಾಗಿಲು ಮುಚ್ಚುವಷ್ಟು ದೀರ್ಘ ಕಾಲ. ದುರುದ್ದೇಶವಿಲ್ಲದೆ, ಕೇವಲ ಲೆಕ್ಕದ ಅಜಾಗ್ರತೆಯಿಂದ ಇಂತಹ ಸ್ಥಿತಿ ಬರಬಾರದೆಂಬುದೇ ಮೇಲೆ ಲೆಕ್ಕವನ್ನು ವಿವರವಾಗಿ ನೀಡಿರುವುದಕ್ಕೆ ಕಾರಣ.

9. ಪ್ರಮುಖ ವಲಯಗಳಲ್ಲಿನ ಹೆಚ್ಚುವರಿ ಷರತ್ತುಗಳು

ಸ್ಥಳೀಯ ಅಂಶ ಹೆಚ್ಚಿದ್ದ ಮಾತ್ರಕ್ಕೆ ಸರಕು ಸುರಕ್ಷಿತವೆಂದು ಪರಿಗಣಿತವಾಗುವುದಿಲ್ಲ. ಪ್ರಮುಖ ಮೂಲಸೌಕರ್ಯಗಳಲ್ಲಿ ಭದ್ರತೆಯ ಪರೀಕ್ಷೆ ಪ್ರತ್ಯೇಕವಾಗಿದ್ದು, ಎರಡನ್ನೂ ಪೂರೈಸತಕ್ಕದ್ದು.

9.1 ಮಾಹಿತಿ ತಂತ್ರಜ್ಞಾನ: ಯಾವ ಗಣಕ ಸಂಪನ್ಮೂಲವು ನಿಷ್ಕ್ರಿಯಗೊಂಡರೆ ಅಥವಾ ನಾಶವಾದರೆ ರಾಷ್ಟ್ರೀಯ ಭದ್ರತೆ, ಅರ್ಥವ್ಯವಸ್ಥೆ, ಸಾರ್ವಜನಿಕ ಆರೋಗ್ಯ ಅಥವಾ ಸುರಕ್ಷತೆಗೆ ತೀವ್ರ ಧಕ್ಕೆಯಾಗುವುದೋ ಅದನ್ನು ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ 70ನೇ ಪ್ರಕರಣವು ನಿರ್ಣಾಯಕ ಮಾಹಿತಿ ಮೂಲಸೌಕರ್ಯವೆಂದು ಪರಿಗಣಿಸುತ್ತದೆ. ಇದರ ರಕ್ಷಣೆಗಾಗಿ 2014ರಲ್ಲಿ ರಾಷ್ಟ್ರೀಯ ಮಟ್ಟದ ಪ್ರತ್ಯೇಕ ಕೇಂದ್ರವನ್ನು ಅಧಿಸೂಚಿಸಲಾಗಿದೆ.

9.2 ದೂರಸಂಪರ್ಕ: 2020ರ ಡಿಸೆಂಬರ್‌ನಲ್ಲಿ ಅನುಮೋದನೆಗೊಂಡ ರಾಷ್ಟ್ರೀಯ ಭದ್ರತಾ ನಿರ್ದೇಶನವು ದಿನಾಂಕ 15.06.2021ರಿಂದ ಜಾರಿಗೆ ಬಂದಿತು. ಇದರನ್ವಯ ದೂರಸಂಪರ್ಕ ಪರವಾನಗಿದಾರರು ತಮ್ಮ ಜಾಲಕ್ಕೆ ವಿಶ್ವಾಸಾರ್ಹ ಮೂಲದ ಉಪಕರಣಗಳನ್ನು ಮಾತ್ರ ಹೊಸದಾಗಿ ಜೋಡಿಸತಕ್ಕದ್ದೆಂದು ವಿಧಿಸಲಾಯಿತು. ದೂರಸಂಪರ್ಕ ಅಧಿನಿಯಮ, 2023ರ 21ನೇ ಪ್ರಕರಣವು ವಿಶ್ವಾಸಾರ್ಹ ಮೂಲದಿಂದಲೇ ಖರೀದಿಸುವಂತೆ ಸೂಚಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ನೀಡುತ್ತದೆ.

9.3 ವಿದ್ಯುತ್: ವಿದ್ಯುತ್ ಸರಬರಾಜು ಜಾಲಕ್ಕೆಂದು ಆಮದಾಗುವ ಉಪಕರಣ ಹಾಗೂ ಬಿಡಿಭಾಗಗಳಲ್ಲಿ ಹಾನಿಕಾರಕ ತಂತ್ರಾಂಶ ಅಡಗಿದೆಯೇ ಎಂದು ದೇಶದೊಳಗೆ ಪರೀಕ್ಷಿಸಬೇಕೆಂದು ಕೇಂದ್ರ ವಿದ್ಯುತ್ ಸಚಿವಾಲಯವು ದಿನಾಂಕ 02.07.2020ರಂದು ಆದೇಶಿಸಿತು. ಪ್ಯಾನೆಲ್ ತಯಾರಕರು ತಾವು ಆಮದು ಮಾಡಿಕೊಳ್ಳುವ ರಿಲೇ ಮುಂತಾದವುಗಳಿಗೂ ಇದು ಸಂಬಂಧಿಸುತ್ತದೆ ಎಂಬುದನ್ನು ಗಮನಿಸುವುದು. 1960ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯು ಬೆಂಗಳೂರಿನಲ್ಲಿಯೇ ಇದ್ದು, ವಿದ್ಯುತ್ ಉಪಕರಣಗಳ ಪರೀಕ್ಷೆ ನಡೆಸುತ್ತದೆ. ರಾಜ್ಯದ ತಯಾರಕರಿಗೆ ಇದು ಅನುಕೂಲಕರವಾಗಿದೆ.

9.4 ಕಬ್ಬಿಣ ಮತ್ತು ಉಕ್ಕು: ಸರ್ಕಾರಿ ಖರೀದಿಯಲ್ಲಿ ದೇಶೀಯವಾಗಿ ತಯಾರಿಸಿದ ಕಬ್ಬಿಣ ಮತ್ತು ಉಕ್ಕಿನ ಉತ್ಪನ್ನಗಳಿಗೆ ಆದ್ಯತೆ ನೀಡುವ ಪ್ರತ್ಯೇಕ ನೀತಿಯನ್ನು ದಿನಾಂಕ 08.05.2017ರಂದು ಅಧಿಸೂಚಿಸಲಾಗಿದ್ದು, ನಂತರ ಅದು ಪರಿಷ್ಕೃತಗೊಂಡಿದೆ. ಸೇತುವೆ, ಕೊಳವೆ ಮಾರ್ಗ, ಕಟ್ಟಡ ಕಾಮಗಾರಿಗಳ ಗುತ್ತಿಗೆದಾರರು ಇದನ್ನು ಓದಿಕೊಳ್ಳತಕ್ಕದ್ದು.

9.5 ಕಣ್ಗಾವಲು ಕ್ಯಾಮೆರಾಗಳು: ಸಿಸಿಟಿವಿ ಕ್ಯಾಮೆರಾಗಳಿಗೆ ಭದ್ರತಾ ಪರೀಕ್ಷೆಯನ್ನು ಕಡ್ಡಾಯಗೊಳಿಸುವ ಅಧಿಸೂಚನೆಯು 2024ರ ಏಪ್ರಿಲ್‌ನಲ್ಲಿ ಹೊರಬಿದ್ದು, 2025ರ ಏಪ್ರಿಲ್‌ನಿಂದ ಜಾರಿಗೆ ಬಂದಿತು.

9.6 ಗಡಿ ದೇಶಗಳ ಟೆಂಡರುದಾರರು: ಭಾರತದೊಂದಿಗೆ ಭೂಗಡಿ ಹೊಂದಿರುವ ದೇಶಗಳ ಟೆಂಡರುದಾರರು ಸಕ್ಷಮ ಪ್ರಾಧಿಕಾರದಲ್ಲಿ ನೋಂದಾಯಿಸಿಕೊಳ್ಳಬೇಕೆಂಬ ಷರತ್ತನ್ನು ದಿನಾಂಕ 23.07.2020ರಂದು ವಿಧಿಸಲಾಯಿತು. ಟೆಂಡರ್ ದಾಖಲೆಯಲ್ಲಿ ಈ ಕುರಿತ ಷರತ್ತಿದ್ದಲ್ಲಿ ಅದರಂತೆ ಘೋಷಣೆ ನೀಡತಕ್ಕದ್ದು.

10. ತಯಾರಕರ ಹಕ್ಕುಗಳು

10.1 ಟೆಂಡರ್ ದಾಖಲೆಯಲ್ಲಿ ವಿದೇಶಿ ಪ್ರಮಾಣಪತ್ರ, ನಿರ್ದಿಷ್ಟ ವಿದೇಶಿ ಬ್ರಾಂಡ್ ಅಥವಾ ಮಾದರಿ, ಸಕಾರಣವಿಲ್ಲದ ತಾಂತ್ರಿಕ ವಿವರಣೆ ಇವುಗಳನ್ನು ವಿಧಿಸಿ ಸ್ಥಳೀಯ ಪೂರೈಕೆದಾರರನ್ನು ಹೊರಗಿಡುವುದು ನಿರ್ಬಂಧಕ ಹಾಗೂ ತಾರತಮ್ಯದ ಕ್ರಮವೆಂದು ಆದೇಶ ಹೇಳುತ್ತದೆ. ವಿದೇಶಿ ಪ್ರಮಾಣಪತ್ರ ಅನಿವಾರ್ಯವಾದಲ್ಲಿ ಸಂಬಂಧಿಸಿದ ಇಲಾಖೆಯ ಕಾರ್ಯದರ್ಶಿಯವರ ಲಿಖಿತ ಅನುಮೋದನೆ ಪಡೆದಿರಬೇಕು.

10.2 ಬೇರೆ ದೇಶಗಳಿಗೆ ಸರಕು ಪೂರೈಸಿದ ಅಥವಾ ರಫ್ತು ಮಾಡಿದ ಪುರಾವೆಯನ್ನು ಸ್ಥಳೀಯ ಪೂರೈಕೆದಾರರಿಂದ ಕಡ್ಡಾಯವಾಗಿ ಕೇಳುವಂತಿಲ್ಲ.

10.3 ಇಂತಹ ಷರತ್ತು ಕಂಡುಬಂದಲ್ಲಿ ಟೆಂಡರ್ ಪೂರ್ವಭಾವಿ ಸಭೆಯಲ್ಲಿಯೇ ಲಿಖಿತವಾಗಿ ಆಕ್ಷೇಪಣೆ ಸಲ್ಲಿಸುವುದು ಸೂಕ್ತ. ಟೆಂಡರ್ ತೆರೆದ ನಂತರ ಎತ್ತುವ ಆಕ್ಷೇಪಣೆಗಿಂತ, ಮೊದಲೇ ಸಲ್ಲಿಸಿ ಸ್ವೀಕೃತಿ ಪಡೆದ ಒಂದು ಪುಟದ ಪತ್ರಕ್ಕೆ ಹೆಚ್ಚಿನ ಬೆಲೆಯಿರುತ್ತದೆ.

11. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ 1: ವಿದೇಶಿ ಕಂಪನಿಯೊಂದು ಭಾರತದಲ್ಲಿ ಕಾರ್ಖಾನೆ ಸ್ಥಾಪಿಸಿ ತಯಾರಿಸಿದ ಸರಕು ವರ್ಗ-1ಕ್ಕೆ ಸೇರಬಹುದೇ?
ಉತ್ತರ: ಹೌದು. ಇಲ್ಲಿ ಅಳೆಯುವುದು ಮಾಲೀಕತ್ವವನ್ನಲ್ಲ, ದೇಶದೊಳಗೆ ಸೇರಿಸಿದ ಮೌಲ್ಯವನ್ನು. ಆದರೆ ಭದ್ರತೆ ಹಾಗೂ ಗಡಿ ದೇಶಗಳ ಕುರಿತ ಷರತ್ತುಗಳು ಇದ್ದಲ್ಲಿ ಅವು ಪ್ರತ್ಯೇಕವಾಗಿ ಅನ್ವಯಿಸುತ್ತವೆ.

ಪ್ರಶ್ನೆ 2: ನಾವು ನೇರವಾಗಿ ಟೆಂಡರಿನಲ್ಲಿ ಭಾಗವಹಿಸುವುದಿಲ್ಲ, ದೊಡ್ಡ ಕಂಪನಿಗೆ ಬಿಡಿಭಾಗ ಪೂರೈಸುತ್ತೇವೆ. ನಮಗೆ ಈ ಆದೇಶ ಸಂಬಂಧಿಸುತ್ತದೆಯೇ?
ಉತ್ತರ: ಸಂಬಂಧಿಸುತ್ತದೆ. ಮುಖ್ಯ ಪೂರೈಕೆದಾರರ ಲೆಕ್ಕವು ತಮ್ಮ ಘೋಷಣೆಯನ್ನು ಆಧರಿಸಿರುತ್ತದೆ. ತಮ್ಮ ಭಾಗದಲ್ಲಿ ಅಡಗಿರುವ ಆಮದು ಅಂಶವನ್ನು ಮರೆಮಾಚದೆ ತಿಳಿಸತಕ್ಕದ್ದು. ಸರಿಯಾದ ಲೆಕ್ಕ ಇಟ್ಟಿರುವ ಬಿಡಿಭಾಗ ತಯಾರಕರಿಗೆ ಇದರಿಂದ ಬೇಡಿಕೆ ಹೆಚ್ಚುವ ಸಾಧ್ಯತೆಯೂ ಇದೆ.

ಪ್ರಶ್ನೆ 3: ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಇರುವ ಸೌಲಭ್ಯವೂ ಇದೂ ಒಂದೆಯೇ?
ಉತ್ತರ: ಅಲ್ಲ. ಅದು 2012ರ ಪ್ರತ್ಯೇಕ ಆದೇಶ. ಅದರನ್ವಯ ಕೇಂದ್ರದ ಖರೀದಿಯಲ್ಲಿ ವಾರ್ಷಿಕ ಶೇ. 25 ಭಾಗವನ್ನು ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಂದ ಪಡೆಯುವ ಗುರಿಯಿದ್ದು, ಕನಿಷ್ಠ ದರಕ್ಕಿಂತ ಶೇ. 15ರವರೆಗಿನ ಅಂತರದಲ್ಲಿರುವವರಿಗೆ ಕನಿಷ್ಠ ದರಕ್ಕೆ ಒಪ್ಪುವ ಅವಕಾಶ ನೀಡಲಾಗುತ್ತದೆ. ಎರಡೂ ಸೌಲಭ್ಯಗಳಿಗೆ ಅರ್ಹರಾದವರು ಎರಡನ್ನೂ ಪ್ರತ್ಯೇಕವಾಗಿ ಟೆಂಡರಿನಲ್ಲಿ ನಮೂದಿಸುವುದು.

ಪ್ರಶ್ನೆ 4: ಗುತ್ತಿಗೆ ದೊರೆತ ನಂತರ ಸ್ವದೇಶಿ ಬಿಡಿಭಾಗ ಸಿಗದೆ ವಿದೇಶಿ ಭಾಗ ಬಳಸಬೇಕಾಗಿ ಬಂದರೆ ಏನು ಮಾಡುವುದು?
ಉತ್ತರ: ಬದಲಾವಣೆ ಮಾಡುವ ಮೊದಲೇ ಖರೀದಿ ಸಂಸ್ಥೆಗೆ ಲಿಖಿತವಾಗಿ ತಿಳಿಸಿ, ಅವರ ಲಿಖಿತ ನಿರ್ದೇಶನ ಪಡೆಯುವುದು. ಮೌನವಾಗಿ ಬದಲಿಸುವುದು ಸುಳ್ಳು ಘೋಷಣೆಯ ಆರೋಪಕ್ಕೆ ದಾರಿಮಾಡಿಕೊಡುತ್ತದೆ.

ಪ್ರಶ್ನೆ 5: ಸ್ಥಳೀಯ ಎಂದರೆ ಕರ್ನಾಟಕದಲ್ಲಿ ತಯಾರಾದದ್ದು ಎಂದು ಅರ್ಥವೇ?
ಉತ್ತರ: ಅಲ್ಲ. ಈ ಆದೇಶದಲ್ಲಿ ಸ್ಥಳೀಯ ಎಂದರೆ ಭಾರತದೊಳಗೆ ಎಂದು ಅರ್ಥ. ಯಾವ ರಾಜ್ಯದಲ್ಲಿ ತಯಾರಾದರೂ ಲೆಕ್ಕ ಒಂದೇ.

ಪ್ರಶ್ನೆ 6: ಶೇ. 50ಕ್ಕಿಂತ ಕಡಿಮೆ ಇದೆಯೆಂದು ಪ್ರಾಮಾಣಿಕವಾಗಿ ಬರೆದರೆ ನಮ್ಮ ಟೆಂಡರ್ ತಿರಸ್ಕೃತವಾಗುವುದೇ?
ಉತ್ತರ: ವರ್ಗ-1ಕ್ಕೆ ಮಾತ್ರ ಮೀಸಲಾದ ಟೆಂಡರುಗಳನ್ನು ಹೊರತುಪಡಿಸಿ, ಸ್ಥಳೀಯ ಅಂಶವು ವರ್ಗ-2ಕ್ಕೆ ನಿಗದಿಪಡಿಸಿದ ಕನಿಷ್ಠ ಪ್ರಮಾಣದಷ್ಟಿದ್ದಲ್ಲಿ ಇದೇ ಕಾರಣಕ್ಕೆ ತಿರಸ್ಕೃತವಾಗುವುದಿಲ್ಲ. ವರ್ಗ-2ರಲ್ಲಿದ್ದು ಕನಿಷ್ಠ ದರ ನಮೂದಿಸಿದಲ್ಲಿ ಗುತ್ತಿಗೆಯ ಭಾಗವನ್ನೋ, ಕೆಲವೊಮ್ಮೆ ಪೂರ್ಣ ಗುತ್ತಿಗೆಯನ್ನೋ ಪಡೆಯುವ ಅವಕಾಶ ಉಳಿದೇ ಇರುತ್ತದೆ.

12. ಅರ್ಜಿದಾರರ ಗಮನಕ್ಕೆ

ಟೆಂಡರ್ ಪ್ರಕಟವಾದ ದಿನ ಜಾರಿಯಲ್ಲಿರುವ ಆದೇಶದ ಪ್ರತಿ ಹಾಗೂ ನೋಡಲ್ ಸಚಿವಾಲಯದ ಅಧಿಸೂಚನೆಯನ್ನು ಓದಿ, ಲೆಕ್ಕದ ತಃಖ್ತೆಯನ್ನು ಮೊದಲು ಸಿದ್ಧಪಡಿಸಿ, ನಂತರವಷ್ಟೇ ಘೋಷಣೆಗೆ ಸಹಿ ಮಾಡುವುದು. ಹಳೆಯ ಟೆಂಡರಿಗೆ ನೀಡಿದ್ದ ಶೇಕಡಾ ಪ್ರಮಾಣವನ್ನು ಹೊಸ ಟೆಂಡರಿಗೆ ಯಥಾವತ್ತಾಗಿ ನಕಲು ಮಾಡಬಾರದು. ವಿದೇಶಿ ವಿನಿಮಯ ದರ, ಸುಂಕ ಮತ್ತು ಬಿಡಿಭಾಗದ ಮೂಲ ಬದಲಾದಂತೆ ಪ್ರಮಾಣವೂ ಬದಲಾಗುತ್ತದೆ. ಸಂದೇಹವಿದ್ದಲ್ಲಿ ತಮ್ಮ ಲೆಕ್ಕಪರಿಶೋಧಕರನ್ನು ವಿಚಾರಿಸುವುದು. ಉದ್ಯಮ ನೋಂದಣಿ ಮತ್ತು ಸಾಮಾನ್ಯ ಮಾರ್ಗದರ್ಶನಕ್ಕಾಗಿ ಆಯಾ ಜಿಲ್ಲೆಯ ಜಿಲ್ಲಾ ಕೈಗಾರಿಕಾ ಕೇಂದ್ರದ ಜಂಟಿ ನಿರ್ದೇಶಕರನ್ನು ಸಂಪರ್ಕಿಸಬಹುದಾಗಿದೆ.

ಶೇ. 46 ಇರುವುದನ್ನು ಶೇ. 46 ಎಂದೇ ಬರೆದ ತಯಾರಕರಿಗೆ ಮುಂದಿನ ಟೆಂಡರಿನ ವೇಳೆಗೆ ಒಂದು ಬಿಡಿಭಾಗವನ್ನು ಬದಲಿಸಿ ಅರ್ಹರಾಗುವ ದಾರಿ ತೆರೆದಿರುತ್ತದೆ. ಸದರಿ ಆದೇಶದ ಉದ್ದೇಶವೂ ಅದೇ: ಬದಲಾವಣೆ ಕಾಗದದಲ್ಲಲ್ಲ, ಕಾರ್ಖಾನೆಯಲ್ಲಿ ಆಗಬೇಕೆಂಬುದು.

ವಿ.ಸೂ.: ಈ ಪುಟದಲ್ಲಿನ ಮಾಹಿತಿಯು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ. ಇಲ್ಲಿನ ವಿವರಣೆಗೂ ಮೂಲ ಆದೇಶ, ನಿಯಮ ಅಥವಾ ಟೆಂಡರ್ ದಾಖಲೆಗೂ ವ್ಯತ್ಯಾಸ ಕಂಡುಬಂದಲ್ಲಿ ಮೂಲವೇ ಅಂತಿಮವಾಗಿರುತ್ತದೆ.